ಸ್ಕಿಲ್ ಲ್ಯಾಬ್‌ನ ಅಭ್ಯಾಸವನ್ನು ಎಕ್ಸ್‌ಎಪಿಐನಲ್ಲಿ ದಾಖಲಿಸುವುದು ಹೇಗೆ? ವೈದ್ಯಕೀಯ, ನರ್ಸಿಂಗ್ ಶಿಕ್ಷಕರಿಗೆ ಮಾರ್ಗದರ್ಶಿ

ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ಶಿಕ್ಷಕರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ನಮ್ಮಲ್ಲಿ ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಾಣ ಇದೆ, ಸ್ಕಿಲ್ ಲ್ಯಾಬ್ ಇದೆ, ಅಭ್ಯಾಸದ ಗೊಂಬೆ ಮ್ಯಾನಿಕಿನ್ ಇದೆ, ಲಾಗ್‌ಬುಕ್ಕೂ ಇದೆ. ಆದರೆ ಯಾರು ಏನನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅಂತ ಒಂದೇ ಕಡೆ ನೋಡಲು ಆಗುತ್ತಿಲ್ಲ. ಎಕ್ಸ್‌ಎಪಿಐ ಹಾಕಿದರೆ ಆಗುತ್ತದಂತೆ. ಎಲ್ಲಿಂದ ಶುರು ಮಾಡುವುದು?"

ಆಗುತ್ತದೆ. ದೊಡ್ಡ ಬಜೆಟ್ ಕೂಡ ಬೇಕಿಲ್ಲ. ಆದರೆ ಸಾಫ್ಟ್‌ವೇರ್ ಕೊಳ್ಳುವುದರಿಂದ ಶುರು ಮಾಡಬೇಡಿ. ದಾಖಲೆ ನೋಡಿದ ಮೇಲೆ ನೀವು ಏನನ್ನು ಬದಲಿಸುತ್ತೀರಿ ಎಂಬುದು ಮೊದಲು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಸೇರಿಸಿದ ಮಾಹಿತಿಯನ್ನು ಆರು ತಿಂಗಳ ನಂತರ ಯಾರೂ ತೆರೆದು ನೋಡುವುದಿಲ್ಲ. ಇಲ್ಲಿ ಒಂದೇ ಒಂದು ಕೌಶಲವನ್ನು, ಅಂದರೆ ಹೃದಯ ನಿಂತ ವಯಸ್ಕರಿಗೆ ಎದೆ ಒತ್ತಿ, ಉಸಿರು ಕೊಟ್ಟು ಮಾಡುವ ಸಿಪಿಆರ್ ಅನ್ನು, ಉದಾಹರಣೆಯಾಗಿ ಹಿಡಿದು ಕೊನೆವರೆಗೂ ಹೋಗೋಣ.

ಎಕ್ಸ್‌ಎಪಿಐ ಅಂದರೆ ಏನು?

ಕಲಿಕೆಯ ಅನುಭವವನ್ನು ಬರೆದಿಡುವ ಒಂದು ಸಾಮಾನ್ಯ ಭಾಷೆ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಎಂಬ ತಂಡದ ಯೋಜನೆಯಾಗಿ ಬೆಳೆದು, 2013ರಲ್ಲಿ ಇದರ 1.0 ಆವೃತ್ತಿ ಹೊರಬಂತು. 2023ರಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ಸಂಸ್ಥೆ ಐಇಇಇ ಇದನ್ನು ಅಧಿಕೃತ ಮಾನದಂಡವಾಗಿ ಒಪ್ಪಿತು. ಅದೇ 2.0 ಆವೃತ್ತಿ. ಈಗಲೂ ಬಹಳಷ್ಟು ಉಪಕರಣಗಳು 1.0.3ರಲ್ಲೇ ಮಾತಾಡುತ್ತವೆ. ಕೊಳ್ಳುವ ಮುಂಚೆ ಎರಡೂ ಬರುತ್ತದೆಯೇ ಅಂತ ಕೇಳಿ.

ಇದಕ್ಕಿಂತ ಹಳೆಯದು ಸ್ಕಾರ್ಮ್. ಅದು ಮೂಡಲ್‌ನಂಥ ಕಲಿಕಾ ತಾಣದೊಳಗೆ, ಬ್ರೌಸರ್‌ನಲ್ಲಿ ನಡೆದದ್ದನ್ನು ಮಾತ್ರ ದಾಖಲಿಸುತ್ತದೆ. ಪಾಠ ಮುಗಿಯಿತೇ, ಅಂಕ ಎಷ್ಟು, ಎಷ್ಟು ಹೊತ್ತು ಕೂತರು, ಅಷ್ಟೇ. ಆದರೆ ಡಾಕ್ಟರು, ನರ್ಸು ಆಗುವವರು ಮುಖ್ಯವಾದದ್ದನ್ನು ಕಲಿಯುವುದು ಪರದೆಯ ಮೇಲಲ್ಲ, ಕೈಯಲ್ಲಿ ಅಲ್ವಾ? ಮ್ಯಾನಿಕಿನ್ ಮೇಲೆ, ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ. ಅಲ್ಲಿ ನಡೆದದ್ದನ್ನೂ ಬರೆದಿಡಲು ಎಕ್ಸ್‌ಎಪಿಐ ಬೇಕು.

ಇದರಲ್ಲಿ ಪ್ರತಿ ದಾಖಲೆಯೂ ಒಂದು ಪುಟ್ಟ ವಾಕ್ಯ. ಯಾರು, ಏನು ಮಾಡಿದರು, ಯಾವುದನ್ನು ಮಾಡಿದರು. ಇಂಥ ಒಂದು ವಾಕ್ಯಕ್ಕೆ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಸ್ಟೇಟ್‌ಮೆಂಟ್‌ಗಳು ಹೋಗಿ ಸೇರುವ ಜಾಗ ಎಲ್‌ಆರ್‌ಎಸ್, ಅಂದರೆ ಕಲಿಕೆಯ ದಾಖಲೆಗಳ ಭಂಡಾರ.

ಶುರು ಮಾಡಲು ಏನೇನು ಬೇಕು?

ಒಬ್ಬ ಆಸಕ್ತ ಶಿಕ್ಷಕರು, ಸ್ವಲ್ಪ ಪೈಥಾನ್ ಅಥವಾ ಅಂಥದ್ದೇ ಭಾಷೆ ಗೊತ್ತಿರುವ ಒಬ್ಬ ಐಟಿ ಸಿಬ್ಬಂದಿ, ಒಂದು ಟ್ಯಾಬ್ಲೆಟ್ ಅಥವಾ ಫೋನ್, ಕಾಲೇಜಿನ ಸರ್ವರ್‌ನಲ್ಲಿ ಸ್ವಲ್ಪ ಜಾಗ, ಮತ್ತು ಪ್ರಾಂಶುಪಾಲರ ಲಿಖಿತ ಒಪ್ಪಿಗೆ. ಸೆನ್ಸರ್ ಇರುವ ಮ್ಯಾನಿಕಿನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಒಂದು ಪ್ರಶ್ನೆ ಆರಿಸಿ

"ವಿದ್ಯಾರ್ಥಿಗಳ ಪ್ರಗತಿ ನೋಡಬೇಕು" ಎಂದರೆ ಅದು ಪ್ರಶ್ನೆಯಲ್ಲ. ಹೀಗೆ ಕೇಳಿ: "ಸಿಪಿಆರ್ ತರಬೇತಿ ಆದ ಮೂರು ತಿಂಗಳಿಗೆ ಯಾರ ಕೈ ಪಳಗಿದ ಹಾಗೇ ಇದೆ, ಯಾರಿಗೆ ಮರು ಅಭ್ಯಾಸ ಬೇಕು?" ಇದಕ್ಕೆ ಉತ್ತರ ಸಿಕ್ಕರೆ ನೀವು ಮಾಡುವ ಕೆಲಸ ಸ್ಪಷ್ಟ. ಹಿಂದುಳಿದವರನ್ನು ಮತ್ತೆ ಲ್ಯಾಬ್‌ಗೆ ಕರೆಯುತ್ತೀರಿ.

ಈ ಪ್ರಶ್ನೆಯನ್ನೇ ಆರಿಸಲು ಕಾರಣವಿದೆ. ಒಮ್ಮೆ ಕಲಿತ ಸಿಪಿಆರ್ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಆದರೆ ಪ್ರಮಾಣಪತ್ರ ಸಾಮಾನ್ಯವಾಗಿ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಈ ನಡುವಿನ ಕಾಲದಲ್ಲಿ ಕೈ ಹೇಗಿದೆ ಎಂದು ಪ್ರಮಾಣಪತ್ರ ಹೇಳುವುದಿಲ್ಲ.

ಹಂತ 2: ಒಪ್ಪಿಗೆ ಮತ್ತು ಗುರುತಿನ ಸಂಖ್ಯೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ವಿದ್ಯಾರ್ಥಿಗೆ ಒಂದು ಪುಟದ ಸೂಚನೆ ಕೊಡಿ. ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ, ಯಾಕೆ, ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತೀರಿ. ಅವರಿಗೆ ಹಿತವಾದ ಭಾಷೆಯಲ್ಲಿ ಬರೆಯಿರಿ. ಜಿಲ್ಲಾ ಕೇಂದ್ರದ ನರ್ಸಿಂಗ್ ಕಾಲೇಜಾದರೆ ಕನ್ನಡದಲ್ಲೂ ಇರಲಿ. ಒಂದು ವಿಷಯ ಬಹಳ ಜನ ಮರೆಯುತ್ತಾರೆ: ಮೊದಲ ವರ್ಷದಲ್ಲಿ 17 ವಯಸ್ಸಿನವರೂ ಇರುತ್ತಾರೆ. 18 ತುಂಬದವರನ್ನು ಈ ಕಾಯ್ದೆ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ವಿಚಾರದಲ್ಲಿ ಏನು ಮಾಡಬೇಕೆಂದು ಕಾಲೇಜಿನ ಕಾನೂನು ಸಲಹೆಗಾರರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಗುರುತು. ವಿದ್ಯಾರ್ಥಿಯನ್ನು ಇಮೇಲ್‌ನಿಂದ ಗುರುತಿಸಲು ಎಕ್ಸ್‌ಎಪಿಐನಲ್ಲಿ ಅವಕಾಶವಿದೆ. ಸುಲಭ ಅಂತ ಎಲ್ಲರೂ ಅದನ್ನೇ ಬಳಸುತ್ತಾರೆ. ಬೇಡ. ಇಮೇಲ್ ಬದಲಾಗುತ್ತದೆ, ಹೆಸರನ್ನೂ ಬಿಟ್ಟುಕೊಡುತ್ತದೆ. ಅಕೌಂಟ್ ಎಂಬ ಇನ್ನೊಂದು ವಿಧಾನವಿದೆ. ಅದರಲ್ಲಿ ಕಾಲೇಜಿನ ಒಂದು ವೆಬ್ ವಿಳಾಸ ಮತ್ತು ನೀವೇ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ರೋಲ್ ನಂಬರ್ ಆಗಿರದೆ, ಯಾರೂ ಊಹಿಸಲಾಗದಂತಿರಲಿ. ಹೆಸರು ಮತ್ತು ಸಂಖ್ಯೆ ಜೋಡಿಸುವ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿಡಿ. ನಾಳೆ ಯಾರಾದರೂ ತಮ್ಮ ದಾಖಲೆಯ ನಂಟು ಕಡಿಯಿರಿ ಎಂದರೆ ಪಟ್ಟಿಯಿಂದ ಒಂದು ಸಾಲು ತೆಗೆದರೆ ಸಾಕು.

ಎಚ್ಚರಿಕೆ: ರೋಗಿಯ ಯಾವ ಗುರುತೂ ಇದರೊಳಗೆ ಬರಬಾರದು. ಹೆಸರು, ಆಸ್ಪತ್ರೆ ಸಂಖ್ಯೆ, ಹಾಸಿಗೆ ಸಂಖ್ಯೆ, ಫೋಟೋ, ಯಾವುದೂ. "ಟಿಪ್ಪಣಿ" ಅಂತ ಖಾಲಿ ಜಾಗ ಕೊಟ್ಟರೆ ಯಾರಾದರೂ ಅಲ್ಲಿ ರೋಗಿಯ ವಿವರ ಬರೆದೇ ಬರೆಯುತ್ತಾರೆ. ಆದ್ದರಿಂದ ವಾರ್ಡಿನಲ್ಲಿ ಬಳಸುವ ಫಾರ್ಮಿನಲ್ಲಿ ಖಾಲಿ ಜಾಗವೇ ಇಡಬೇಡಿ, ಆಯ್ಕೆಗಳನ್ನು ಮಾತ್ರ ಕೊಡಿ.

ಹಂತ 3: ಎಲ್‌ಆರ್‌ಎಸ್ ಹಾಕಿಕೊಳ್ಳಿ

ದುಡ್ಡು ಕೊಡದೆ ಸಿಗುವ ಮುಕ್ತ ತಂತ್ರಾಂಶಗಳಿವೆ. ಎಸ್‌ಕ್ಯೂಎಲ್ ಎಲ್‌ಆರ್‌ಎಸ್ ಅಂಥದ್ದೊಂದು, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಜೊತೆ ಚೆನ್ನಾಗಿ ನಡೆಯುತ್ತದೆ. ಬೇರೆಯವರ ಕ್ಲೌಡ್‌ನಲ್ಲಿ ಬಾಡಿಗೆಗೂ ಸಿಗುತ್ತದೆ. ಬಾಡಿಗೆಯಾದರೆ ಎರಡು ಮಾತು ಕೇಳಿ: ಮಾಹಿತಿ ಯಾವ ದೇಶದ ಸರ್ವರ್‌ನಲ್ಲಿರುತ್ತದೆ, ಬಿಟ್ಟು ಹೋಗುವಾಗ ಅಷ್ಟೂ ಸ್ಟೇಟ್‌ಮೆಂಟ್ ಕೈಗೆ ಕೊಡುತ್ತೀರಾ.

ಎರಡು ಭಂಡಾರ ಮಾಡಿ. ಒಂದು ಪ್ರಯೋಗಕ್ಕೆ, ಒಂದು ನಿಜವಾದ ದಾಖಲೆಗೆ. ಯಾಕೆಂದರೆ ಒಮ್ಮೆ ಒಳಗೆ ಹೋದ ಸ್ಟೇಟ್‌ಮೆಂಟನ್ನು ತಿದ್ದಲು ಆಗುವುದಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ, ತಪ್ಪು ನಮೂದನ್ನು ಅಳಿಸುವುದಿಲ್ಲ, ಅದನ್ನು ರದ್ದು ಮಾಡುವ ಇನ್ನೊಂದು ನಮೂದು ಹಾಕುತ್ತಾರೆ. ಎಕ್ಸ್‌ಎಪಿಐನಲ್ಲಿ ಇದಕ್ಕೆ ವಾಯ್ಡಿಂಗ್ ಎನ್ನುತ್ತಾರೆ. ಒಮ್ಮೆ ರದ್ದಾದದ್ದನ್ನು ಮತ್ತೆ ಜೀವಂತ ಮಾಡಲೂ ಆಗದು.

ಭಂಡಾರದ ಕೀಲಿಯನ್ನು, ಅಂದರೆ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು, ವಿದ್ಯಾರ್ಥಿಗಳು ತೆರೆಯುವ ವೆಬ್ ಪುಟದ ಕೋಡ್‌ನಲ್ಲಿ ಬರೆಯಬೇಡಿ. ಪುಟದ ಮೂಲ ತೆಗೆದು ನೋಡಿದವರಿಗೆಲ್ಲ ಕಾಣುತ್ತದೆ. ಪ್ರತಿ ಉಪಕರಣಕ್ಕೂ ಬೇರೆ ಬೇರೆ ಕೀಲಿ ಕೊಡಿ. ಒಂದು ಟ್ಯಾಬ್ಲೆಟ್ ಕಳೆದರೆ ಆ ಒಂದು ಕೀಲಿಯನ್ನು ಮಾತ್ರ ಮುಚ್ಚಬಹುದು.

ಹಂತ 4: ಪದಪಟ್ಟಿಯನ್ನು ಮೊದಲೇ ಗಟ್ಟಿ ಮಾಡಿ

ಜಾಸ್ತಿ ಯೋಜನೆಗಳು ಎಡವುವುದು ಇಲ್ಲೇ. ಮೂಡಲ್ "ಮುಗಿಸಿದರು" ಎನ್ನುತ್ತದೆ, ಆ್ಯಪ್ "ಪೂರೈಸಿದರು" ಎನ್ನುತ್ತದೆ, ನಿಮ್ಮ ಫಾರ್ಮ್ "ಆಯಿತು" ಎನ್ನುತ್ತದೆ. ಮನುಷ್ಯರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಕೆಲಸ. ಎಕ್ಸ್‌ಎಪಿಐನಲ್ಲಿ ಪ್ರತಿ ಕ್ರಿಯಾಪದಕ್ಕೂ ವೆಬ್ ವಿಳಾಸದ ರೂಪದ ಒಂದು ಗುರುತು ಇರುತ್ತದೆ. ಒಂದಕ್ಷರ ಬದಲಾದರೂ ಅದು ಹೊಸ ಕ್ರಿಯಾಪದ.

ಸಿಪಿಆರ್‌ಗೆ ನಾಲ್ಕು ಕ್ರಿಯಾಪದ ಸಾಕು: ನೋಡಿದರು, ಅಭ್ಯಾಸ ಮಾಡಿದರು, ಮೌಲ್ಯಮಾಪನಕ್ಕೆ ಒಳಗಾದರು, ತೇರ್ಗಡೆಯಾದರು. ಎಡಿಎಲ್ ಪ್ರಕಟಿಸಿದ ಪಟ್ಟಿಯಲ್ಲಿ ಹೊಂದುವ ಪದ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಹೊಸದನ್ನು ಹುಟ್ಟಿಸಬೇಡಿ. ಒಪ್ಪಿದ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬ್ ಗೋಡೆಗೆ ಅಂಟಿಸಿ.

ಹಂತ 5: ಲಾಗ್‌ಬುಕ್ಕಿನ ಸಾಲನ್ನು ಸ್ಟೇಟ್‌ಮೆಂಟ್ ಮಾಡಿ

ಇದು ಇಡೀ ಕೆಲಸದ ತಿರುಳು. ನಿಧಾನವಾಗಿ ನೋಡೋಣ.

2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಿಬಿಎಂಇ, ಅಂದರೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಅದರ ಜೊತೆ ಬಂದ ಲಾಗ್‌ಬುಕ್ಕಿನ ನಮೂನೆಯಲ್ಲಿ ಈ ಕಲಂಗಳಿವೆ: ಸಾಮರ್ಥ್ಯದ ಸಂಖ್ಯೆ, ಚಟುವಟಿಕೆಯ ಹೆಸರು, ದಿನಾಂಕ, ಇದು ಮೊದಲ ಯತ್ನವೇ, ಮರುಯತ್ನವೇ, ಪರಿಹಾರ ತರಬೇತಿಯೇ, ಮಟ್ಟ ನಿರೀಕ್ಷೆಗಿಂತ ಕಡಿಮೆಯೇ, ನಿರೀಕ್ಷೆಯಷ್ಟೇ, ಅದಕ್ಕಿಂತ ಹೆಚ್ಚೇ, ಶಿಕ್ಷಕರ ತೀರ್ಮಾನ, ಇಬ್ಬರ ಸಹಿ, ಹಿಮ್ಮಾಹಿತಿ. ಗಮನಿಸಿ ನೋಡಿದರೆ ಎಕ್ಸ್‌ಎಪಿಐಗೆ ಬೇಕಾದ್ದೆಲ್ಲ ಈ ಸಾಲಿನಲ್ಲೇ ಇದೆ. ಹೊಸ ನಮೂನೆ ಹುಡುಕುತ್ತಾ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ವಿದ್ಯಾರ್ಥಿ ಆಕ್ಟರ್, ಅಂದರೆ ಮಾಡಿದವರು. ಚಟುವಟಿಕೆ ಆಬ್ಜೆಕ್ಟ್, ಅಂದರೆ ಮಾಡಿದ್ದು. ಸಹಿ ಹಾಕುವ ಶಿಕ್ಷಕರು ಕಾಂಟೆಕ್ಸ್ಟ್ ಎಂಬ ಸಂದರ್ಭದ ಭಾಗದಲ್ಲಿ ಬೋಧಕರಾಗಿ ಕೂರುತ್ತಾರೆ. ಸಾಮರ್ಥ್ಯದ ಸಂಖ್ಯೆಯೂ ಅಲ್ಲೇ ಸೇರುತ್ತದೆ. ಮೊದಲು ಬಂದ ಪಟ್ಟಿಯಲ್ಲಿ ಸಿಪಿಆರ್ ಒಳಗೊಂಡ ಮೂಲಭೂತ ಜೀವರಕ್ಷಣೆ ಅರಿವಳಿಕೆ ವಿಭಾಗದ ಎಎಸ್ 2.1 ಆಗಿದೆ. ನಿಮ್ಮ ಬ್ಯಾಚಿಗೆ ಯಾವ ವರ್ಷದ ಪಟ್ಟಿ ಅನ್ವಯವೋ ಆ ವರ್ಷವನ್ನೂ ಜೊತೆಗೆ ಬರೆಯಿರಿ. ಪಟ್ಟಿ ಪರಿಷ್ಕರಣೆಯಾದಾಗ ಸಂಖ್ಯೆಗಳು ಬದಲಾಗಬಹುದು. ಯತ್ನ, ಮಟ್ಟ, ತೀರ್ಮಾನಗಳು ರಿಸಲ್ಟ್ ಮತ್ತು ಎಕ್ಸ್‌ಟೆನ್ಷನ್, ಅಂದರೆ ನಾವೇ ಸೇರಿಸಬಹುದಾದ ಹೆಚ್ಚುವರಿ ಅಂಕಣಗಳಲ್ಲಿ ಹೋಗುತ್ತವೆ.

ಈಗ ಅಂಕಿಗಳು. ಮಾರ್ಗಸೂಚಿ ಪ್ರಕಾರ ವಯಸ್ಕರ ಎದೆ ಒತ್ತುವ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು. 30 ಒತ್ತು, 2 ಉಸಿರು, ಹೀಗೆ ಐದು ಸುತ್ತು. ಸುಮಾರು ಎರಡು ನಿಮಿಷದಲ್ಲಿ 150 ಒತ್ತು.

ಬಹಳಷ್ಟು ಕಡೆ ಇದರಲ್ಲಿ ಸರಾಸರಿ ಆಳವನ್ನು ಮಾತ್ರ ದಾಖಲಿಸುತ್ತಾರೆ. ಅದು ದಾರಿ ತಪ್ಪಿಸುತ್ತದೆ. ಒಬ್ಬರು ಅರ್ಧ ಒತ್ತುಗಳನ್ನು 3.5 ಸೆಂಟಿಮೀಟರ್, ಉಳಿದರ್ಧವನ್ನು 7 ಸೆಂಟಿಮೀಟರ್ ಒತ್ತಿದರು ಅಂದುಕೊಳ್ಳಿ. ಸರಾಸರಿ 5.25. ನೋಡಲು ಬಲು ಚಂದ. ಆದರೆ ಒಂದು ಒತ್ತೂ ಸರಿಯಿಲ್ಲ! ಆದ್ದರಿಂದ ಮಿತಿಯೊಳಗೆ ಬಿದ್ದ ಒತ್ತುಗಳು ಎಷ್ಟು ಎಂದು ಬರೆಯಿರಿ. 150ರಲ್ಲಿ 96 ಸರಿಯಾದ ಆಳದಲ್ಲಿದ್ದರೆ ಅದು 0.64.

ಮೊದಲ ನಿಮಿಷ, ಎರಡನೇ ನಿಮಿಷಗಳನ್ನೂ ಬೇರೆ ಮಾಡಿ. ದಣಿದ ಕೈ ಎದೆಯ ಮೇಲೆ ಭಾರ ಬಿಟ್ಟು ಕೂರುತ್ತದೆ. ಎದೆ ಪೂರ್ತಿ ಏಳದಿದ್ದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ ಎಂದು ನಾವು ಹೇಳುವುದೇ ಇದಕ್ಕೆ. ಎರಡನೇ ನಿಮಿಷದಲ್ಲಿ ತಮ್ಮ ಅಂಕಿ ಕುಸಿದದ್ದನ್ನು ಕಣ್ಣಾರೆ ನೋಡಿದ ವಿದ್ಯಾರ್ಥಿಗೆ ಈ ನಿಯಮವನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಇಷ್ಟೆಲ್ಲ ಸೇರಿದರೆ ಒಂದು ಸ್ಟೇಟ್‌ಮೆಂಟ್ ಹೀಗಾಗುತ್ತದೆ: ಇಂಥ ಸಂಖ್ಯೆಯ ವಿದ್ಯಾರ್ಥಿ, ಅಭ್ಯಾಸ ಮಾಡಿದರು, ವಯಸ್ಕರ ಸಿಪಿಆರ್ ಎರಡು ನಿಮಿಷ. ಫಲಿತಾಂಶ 0.64, ಒಟ್ಟು ಒತ್ತು 150, ಸರಿಯಾದ ಆಳದವು 96, ನಂತರ ಎದೆ ಪೂರ್ತಿ ಮೇಲೆದ್ದವು 118. ಯತ್ನ ಎರಡನೆಯದು. ಬೋಧಕರು ಇಂಥವರು. ಸಾಮರ್ಥ್ಯ ಎಎಸ್ 2.1. ನಡೆದ ಸಮಯ ಇಷ್ಟು.

ಇಲ್ಲಿ ಆಗುವ ತಪ್ಪುಗಳು:

ಅಂಕವನ್ನು 64 ಎಂದು ಕಳಿಸುವುದು. ಸ್ಕೇಲ್ಡ್ ಎಂಬ ಜಾಗದಲ್ಲಿ -1ರಿಂದ 1ರ ಒಳಗಿನ ಸಂಖ್ಯೆ ಮಾತ್ರ ನಡೆಯುತ್ತದೆ. ಐವತ್ತು ಸ್ಟೇಟ್‌ಮೆಂಟ್ ಒಟ್ಟಿಗೆ ಕಳಿಸಿದಾಗ ಒಂದರಲ್ಲಿ ಈ ತಪ್ಪಿದ್ದರೂ ಐವತ್ತೂ ವಾಪಸ್ ಬರುತ್ತವೆ.

ಸಮಯದ ಗೊಂದಲ. ಟೈಮ್‌ಸ್ಟಾಂಪ್ ಅಂದರೆ ಅಭ್ಯಾಸ ನಡೆದ ಹೊತ್ತು. ಸ್ಟೋರ್ಡ್ ಅಂದರೆ ಭಂಡಾರಕ್ಕೆ ತಲುಪಿದ ಹೊತ್ತು. ನೆಟ್‌ವರ್ಕ್ ಇಲ್ಲದ ತಾಲೂಕು ಆಸ್ಪತ್ರೆಯಲ್ಲಿ ಸೋಮವಾರ ಮಾಡಿದ್ದು ಗುರುವಾರ ತಲುಪಬಹುದು. ಟೈಮ್‌ಸ್ಟಾಂಪ್ ಕಳಿಸದಿದ್ದರೆ ಎಲ್ಲವೂ ಗುರುವಾರವೇ ನಡೆದಂತೆ ಕಾಣುತ್ತದೆ. ಭಾರತದ ಸಮಯ ಎಂದು ತೋರಿಸುವ +05:30 ಬಿಟ್ಟರೆ ಬೆಳಗಿನ ಅಭ್ಯಾಸ ಮಧ್ಯಾಹ್ನಕ್ಕೆ ಜಾರುತ್ತದೆ.

ಹಂತ 6: ಮಾಹಿತಿ ಬರುವ ದಾರಿ ಮಾಡಿ

ಸೆನ್ಸರ್ ಮ್ಯಾನಿಕಿನ್ ಇದ್ದರೆ: ಅದರ ಆ್ಯಪ್ ನೇರವಾಗಿ ಎಕ್ಸ್‌ಎಪಿಐ ಮಾತಾಡದೇ ಇರಬಹುದು. ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಕಡತ ಕೊಡುತ್ತದೆಯೇ ನೋಡಿ. ಕೊಟ್ಟರೆ ಒಂದು ಚಿಕ್ಕ ಪ್ರೋಗ್ರಾಂ ಪ್ರತಿ ಸಾಲನ್ನೂ ಸ್ಟೇಟ್‌ಮೆಂಟ್ ಮಾಡಿ ಕಳಿಸಬಲ್ಲದು. ಐಟಿಯವರಿಗೆ ಒಂದು ಮಾತು ಹೇಳಿ: ಪ್ರತಿ ಸ್ಟೇಟ್‌ಮೆಂಟಿನ ಗುರುತುಸಂಖ್ಯೆಯನ್ನು ಆ ಸಾಲಿನ ವಿವರಗಳಿಂದಲೇ ಹುಟ್ಟಿಸಬೇಕು, ಪ್ರತಿ ಸಲ ಹೊಸದಾಗಿ ಅಲ್ಲ. ಆಗ ಅದೇ ಕಡತವನ್ನು ಯಾರಾದರೂ ಎರಡು ಸಲ ಕಳಿಸಿದರೂ ದಾಖಲೆ ಎರಡಾಗುವುದಿಲ್ಲ. ಅದೇ ಗುರುತು ಮತ್ತೆ ಬಂದರೆ ಭಂಡಾರ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದಿಲ್ಲ.

ಸೆನ್ಸರ್ ಇಲ್ಲದಿದ್ದರೆ: ಶಿಕ್ಷಕರ ಫೋನಿನಲ್ಲಿ ಒಂದು ಚೆಕ್‌ಲಿಸ್ಟ್ ಫಾರ್ಮ್. ಸ್ಥಳ ಸುರಕ್ಷಿತವೇ ನೋಡಿದರೇ, ಕರೆದು ತಟ್ಟಿ ನೋಡಿದರೇ, ಸಹಾಯ ಕೂಗಿದರೇ, ಉಸಿರು ಮತ್ತು ನಾಡಿಯನ್ನು 10 ಸೆಕೆಂಡ್ ಮೀರದಂತೆ ನೋಡಿದರೇ, ಕೈ ಇಟ್ಟ ಜಾಗ ಸರಿಯೇ. ಹೌದು, ಇಲ್ಲ, ಅಷ್ಟೇ. ನನ್ನ ಪ್ರಕಾರ ಸೆನ್ಸರ್ ಇದ್ದವರೂ ಇದನ್ನು ಬಿಡಬಾರದು. ಸಹಾಯಕ್ಕೆ ಕೂಗಿದರೇ ಎನ್ನುವುದು ಯಾವ ಸೆನ್ಸರ್‌ಗೂ ಗೊತ್ತಾಗದು.

ಮೂಡಲ್‌ನಿಂದ: ಲಾಗ್‌ಸ್ಟೋರ್ ಎಕ್ಸ್‌ಎಪಿಐ ಎಂಬ ಪ್ಲಗಿನ್, ಅಂದರೆ ಮೂಡಲ್‌ಗೆ ಸೇರಿಸಬಹುದಾದ ಪುಟ್ಟ ತಂತ್ರಾಂಶ ಇದೆ. ಸಂವಾದಾತ್ಮಕ ಪಾಠ ಮಾಡುವ ಉಪಕರಣ ಎಚ್‌5ಪಿಯಲ್ಲಿ ಮಾಡಿದ ಪ್ರಶ್ನೆ, ವಿಡಿಯೋಗಳೂ ಎಕ್ಸ್‌ಎಪಿಐ ಮಾತಾಡುತ್ತವೆ. ಆದರೆ ಪ್ಲಗಿನ್ ಹಾಕಿದ ಕೂಡಲೇ ಎಲ್ಲ ಘಟನೆಗಳನ್ನೂ ಆನ್ ಮಾಡಬೇಡಿ. ಯಾರು ಯಾವ ಪುಟ ತೆರೆದರು ಎಂಬ ಸಾವಿರಾರು ಸಾಲುಗಳ ನಡುವೆ ನಿಮಗೆ ಬೇಕಾದ ಸಾಲು ಮುಳುಗಿ ಹೋಗುತ್ತದೆ. ಬೇಕಾದ ಎರಡು ಮೂರನ್ನು ಮಾತ್ರ ಆರಿಸಿ. ಮೂಡಲ್‌ನ ಕ್ರಾನ್, ಅಂದರೆ ಹಿನ್ನೆಲೆಯಲ್ಲಿ ನಿಗದಿತ ಹೊತ್ತಿಗೆ ನಡೆಯುವ ಕೆಲಸ, ನಿಂತಿದ್ದರೆ ಏನೂ ಹೋಗುವುದಿಲ್ಲ. ದಾಖಲೆ ಬರುತ್ತಿಲ್ಲ ಅಂದರೆ ಮೊದಲು ಅದನ್ನು ನೋಡಿ.

ಹಂಚಿಕೊಳ್ಳುವ ಟ್ಯಾಬ್ಲೆಟ್ ಬಗ್ಗೆ ಎಚ್ಚರ. ಹಿಂದಿನ ವಿದ್ಯಾರ್ಥಿ ಲಾಗ್‌ಔಟ್ ಆಗದೆ ಹೋದರೆ ಮುಂದಿನವರ ಅಭ್ಯಾಸ ಅವರ ಹೆಸರಿಗೆ ಬೀಳುತ್ತದೆ. ಪ್ರತಿ ಯತ್ನದ ಮುಂಚೆ ಗುರುತುಚೀಟಿಯ ಕ್ಯೂಆರ್ ಸ್ಕ್ಯಾನ್ ಮಾಡಿಸುವುದು ಸುಲಭದ ಪರಿಹಾರ.

ಹಂತ 7: ಐದಾರು ಜನರ ಜೊತೆ ಪರೀಕ್ಷಿಸಿ

ಸ್ವಇಚ್ಛೆಯಿಂದ ಬರುವ ಐದಾರು ವಿದ್ಯಾರ್ಥಿಗಳು ಸಾಕು. ಅವರ ಅಭ್ಯಾಸವನ್ನು ಕಾಗದದಲ್ಲೂ ಬರೆಯಿರಿ, ಭಂಡಾರಕ್ಕೂ ಕಳಿಸಿ. ಸಂಜೆ ಎರಡನ್ನೂ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ವೈಫೈ ಆಫ್ ಮಾಡಿ ಒಮ್ಮೆ, ಅದೇ ಕಡತ ಎರಡು ಸಲ ಕಳಿಸಿ ಒಮ್ಮೆ, ಬೇಕೆಂದೇ ತಪ್ಪು ಅಂಕ ಹಾಕಿ ಒಮ್ಮೆ ನೋಡಿ. ಎಲ್ಲ ಸರಿ ಬಂದ ಮೇಲೆ ನಿಜವಾದ ಭಂಡಾರಕ್ಕೆ ಹೋಗಿ.

ಹಂತ 8: ಮೊದಲು ವಿದ್ಯಾರ್ಥಿಗೆ ತೋರಿಸಿ

ಬಹಳ ಕಡೆ ಡ್ಯಾಶ್‌ಬೋರ್ಡ್, ಅಂದರೆ ಅಂಕಿಗಳನ್ನು ಚಿತ್ರವಾಗಿ ತೋರಿಸುವ ಪರದೆ, ವಿಭಾಗದ ಮುಖ್ಯಸ್ಥರಿಗೆ ಮಾತ್ರ ಸಿಗುತ್ತದೆ. ನನಗೆ ಇದು ತಲೆಕೆಳಗು ಅನಿಸುತ್ತದೆ. ಒತ್ತಿದ ಕೈ ವಿದ್ಯಾರ್ಥಿಯದ್ದು. ಅಭ್ಯಾಸ ಮುಗಿದ ಕೂಡಲೇ, ಉಸಿರು ಸುಧಾರಿಸಿಕೊಳ್ಳುವ ಮುಂಚೆಯೇ, ಅವರಿಗೆ ಅವರ ಅಂಕಿ ಕಾಣಬೇಕು. ಹಿಂದಿನ ಯತ್ನದ ಅಂಕಿ ಪಕ್ಕದಲ್ಲಿರಬೇಕು. ಬೇರೆಯವರದ್ದು ಬೇಡ, ರ‍್ಯಾಂಕ್ ಪಟ್ಟಿಯಂತೂ ಬೇಡವೇ ಬೇಡ.

ಶಿಕ್ಷಕರಿಗೆ ಬೇಕಾದ್ದು ಒಂದೇ ಪಟ್ಟಿ: ಈ ವಾರ ಯಾರನ್ನು ಮತ್ತೆ ಕರೆಯಬೇಕು. ಕೊನೆಯ ಅಭ್ಯಾಸ ಆಗಿ ಮೂರು ತಿಂಗಳು ದಾಟಿದವರು, ಸರಿಯಾದ ಆಳದ ಪಾಲು ನೀವು ನಿಗದಿ ಮಾಡಿದ ಗೆರೆಗಿಂತ ಕೆಳಗಿರುವವರು. ಇದರ ಜೊತೆ ಇಡೀ ಬ್ಯಾಚನ್ನೂ ಒಮ್ಮೆ ನೋಡಿ. ಎಲ್ಲರೂ ಒಂದೇ ಕಡೆ ತಪ್ಪುತ್ತಿದ್ದರೆ ತೊಂದರೆ ವಿದ್ಯಾರ್ಥಿಗಳದ್ದಲ್ಲ. ಮ್ಯಾನಿಕಿನ್‌ನ ಸ್ಪ್ರಿಂಗ್ ಸವೆದಿರಬಹುದು, ಮೇಜು ಎತ್ತರವಾಗಿರಬಹುದು, ನಮ್ಮ ಪಾಠದಲ್ಲೇ ಕೊರತೆ ಇರಬಹುದು.

ಅಭ್ಯಾಸದ ಅಂಕಿಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಬೇಡಿ. ಸೇರಿಸಿದ ದಿನದಿಂದ ವಿದ್ಯಾರ್ಥಿಗಳು ಚೆನ್ನಾಗಿ ಬಂದ ಯತ್ನವನ್ನು ಮಾತ್ರ ದಾಖಲಿಸುತ್ತಾರೆ. ತಪ್ಪುಗಳು ಮರೆಯಾಗುತ್ತವೆ, ನಿಮಗೆ ಬೇಕಿದ್ದದ್ದೇ ಅವು. ಈ ಮಾತನ್ನು ಹಂತ 2ರ ಸೂಚನೆಯಲ್ಲೇ ಬರೆದುಕೊಡಿ, ಹಾಗೇ ನಡೆದುಕೊಳ್ಳಿ. ಇದೇ ಮಾಹಿತಿಯಿಂದ ಸಂಶೋಧನಾ ಲೇಖನ ಬರೆಯುವ ಯೋಚನೆ ಇದ್ದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆಯಿರಿ.

ಹಂತ 9: ಮುಂದಿನ ಕೌಶಲಕ್ಕೆ ಹೋಗುವ ಮುಂಚೆ

ಒಂದು ಪೂರ್ತಿ ಬ್ಯಾಚ್ ಮುಗಿಯಲಿ. ನಂತರ ಅಭಿಧಮನಿಗೆ ಕ್ಯಾನುಲಾ ಹಾಕುವುದು, ಮೂತ್ರನಾಳದ ಕ್ಯಾತಿಟರ್, ಕೈ ತೊಳೆಯುವ ಕ್ರಮ, ಹೀಗೆ ಒಂದೊಂದಾಗಿ ಸೇರಿಸಿ. ಪ್ರತಿ ಕೌಶಲಕ್ಕೂ ಹಂತ 1ರ ಪ್ರಶ್ನೆ ಹೊಸದಾಗಿ ಕೇಳಿಕೊಳ್ಳಿ. ಕ್ರಿಯಾಪದಗಳು ಅವೇ ನಾಲ್ಕಿರಲಿ.

ಕಾಗದದ ಲಾಗ್‌ಬುಕ್ಕನ್ನು ಈಗಲೇ ಕೈಬಿಡಬೇಡಿ. ನಿಮ್ಮ ವಿಶ್ವವಿದ್ಯಾಲಯ ಡಿಜಿಟಲ್ ದಾಖಲೆಯನ್ನು ಲಿಖಿತವಾಗಿ ಒಪ್ಪುವವರೆಗೆ ಸಹಿ ಇರುವ ಪುಸ್ತಕವೇ ಲೆಕ್ಕಕ್ಕೆ. ಭಂಡಾರದಿಂದ ವಿದ್ಯಾರ್ಥಿಯ ಸಾಲುಗಳನ್ನು ಲಾಗ್‌ಬುಕ್ಕಿನ ನಮೂನೆಯಲ್ಲೇ ಮುದ್ರಿಸಿ, ಸಹಿ ಮಾಡಿಸಿ ಅಂಟಿಸಬಹುದೇ ಎಂದು ವಿಭಾಗದಲ್ಲಿ ಕೇಳಿ. ಒಪ್ಪಿದರೆ ಎರಡೆರಡು ಸಲ ಬರೆಯುವ ಕಷ್ಟ ತಪ್ಪುತ್ತದೆ.

ತಿಂಗಳಿಗೊಮ್ಮೆ ಭಂಡಾರದ ಬ್ಯಾಕಪ್ ತೆಗೆದು, ಅದನ್ನು ಪ್ರಯೋಗದ ಭಂಡಾರಕ್ಕೆ ತುಂಬಿಸಿ ತೆರೆಯುತ್ತದೆಯೇ ನೋಡಿ. ಹೆಸರು ಜೋಡಿಸುವ ಪಟ್ಟಿಯ ಬ್ಯಾಕಪ್ ಬೇರೆಯೇ ಇರಲಿ, ಅದರ ಕೀಲಿ ಇಬ್ಬರ ಬಳಿ ಇರಲಿ. ಇದನ್ನೆಲ್ಲ ಕಟ್ಟಿದ ಐಟಿ ಸಿಬ್ಬಂದಿ ಕೆಲಸ ಬಿಟ್ಟು ಹೋಗುವ ಮುಂಚೆ ಕೀಲಿಗಳು, ಪದಪಟ್ಟಿ, ಪ್ರೋಗ್ರಾಂ ಮೂರನ್ನೂ ಬರೆಸಿಕೊಂಡು ವಿಭಾಗದ ಕಪಾಟಿನಲ್ಲಿಡಿ.